ಬಹುಮಾನ ನಿಲ್ಲಿಸಿದ ಮೇಲೆ

ಗ್ರಾಹಕರ ದೂರು ನೋಡಿಕೊಳ್ಳುವ 12 ಜನರ ತಂಡ ನನ್ನ ಕೈಗೆ ಬಂದಾಗ ಬಾಕಿ ದೂರುಗಳ ರಾಶಿಯೇ ಬಿದ್ದಿತ್ತು. ಜನರಲ್ಲಿ ಹುಮ್ಮಸ್ಸಿಲ್ಲ ಎಂದು ತೀರ್ಮಾನಿಸಿ, ತಿಂಗಳಲ್ಲಿ ಹೆಚ್ಚು ದೂರು ಮುಗಿಸಿದವರಿಗೆ ನಗದು ಬಹುಮಾನ ಎಂದು ಘೋಷಿಸಿದೆ.

ಮೊದಲ ತಿಂಗಳು ಲೆಕ್ಕ ಚೆನ್ನಾಗಿ ಏರಿತು. ಎರಡನೇ ತಿಂಗಳು ಅದೇ ಗ್ರಾಹಕರು ಅದೇ ತೊಂದರೆ ಹೇಳಿಕೊಂಡು ಮತ್ತೆ ಫೋನ್ ಮಾಡತೊಡಗಿದರು. ಮುಗಿದವೆಂದು ಗುರುತಾಗಿದ್ದ ದೂರುಗಳನ್ನು ತೆಗೆದು ಒಂದೊಂದಾಗಿ ಓದಿದೆ. ಹತ್ತು ನಿಮಿಷದಲ್ಲಿ ಮುಗಿಯುವಂಥವನ್ನು ಎಲ್ಲರೂ ಬೆಳಿಗ್ಗೆಯೇ ಆರಿಸಿಕೊಳ್ಳುತ್ತಿದ್ದರು. ಎರಡು ಮೂರು ವಿಭಾಗಗಳ ಬೆನ್ನುಹತ್ತಬೇಕಾದವು ಹಾಗೇ ಕೂತಿದ್ದವು, ಇಲ್ಲವೇ ಅರೆಬರೆ ಉತ್ತರ ಕೊಟ್ಟು ಮುಚ್ಚಲಾಗಿತ್ತು. ಅಂಥ ಕಷ್ಟದ ದೂರುಗಳನ್ನೇ ಕೈಗೆತ್ತಿಕೊಳ್ಳುತ್ತಿದ್ದ ಹಿರಿಯರೊಬ್ಬರ ಹೆಸರು ನನ್ನ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದವರು ಅವರು. ಈಗ ಯಾರೊಂದಿಗೂ ಹೆಚ್ಚು ಮಾತಿಲ್ಲ, ಸಮಯವಾದ ತಕ್ಷಣ ಎದ್ದು ಹೋಗುತ್ತಿದ್ದರು. ನಾನಿಟ್ಟ ನಿಯಮಕ್ಕೆ ಅವರು ಕೊಡುತ್ತಿದ್ದ ಉತ್ತರ ಅದು ಎಂದು ತಿಳಿಯಲು ನನಗೆ ತಡವಾಯಿತು.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ತರಬೇತಿಯಲ್ಲಿ ಓದಿದ್ದೆ. ತುಂಡು ಜೋಡಿಸುವ ಒಗಟು ಬಿಡಿಸಿದ ಕೆಲವು ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟರು. ದುಡ್ಡು ನಿಂತ ಮೇಲೆ ಬಿಡುವಿನ ಹೊತ್ತಲ್ಲಿ ಅವರು ಆ ಒಗಟನ್ನು ಮುಟ್ಟುವುದೇ ಮೊದಲಿಗಿಂತ ಕಡಿಮೆಯಾಯಿತು. ಕಲಿಸುವ ಖುಷಿಗಾಗಿ ಕಲಿಸುತ್ತಿದ್ದ ಆ ಹಿರಿಯರ ವಿಷಯದಲ್ಲಿ ನಾನು ಇನ್ನೂ ಕೆಟ್ಟದ್ದು ಮಾಡಿದ್ದೆ: ಅವರ ಒಳ್ಳೆಯ ಕೆಲಸಕ್ಕೆ ಲೆಕ್ಕದಲ್ಲಿ ಜಾಗವನ್ನೇ ಇಟ್ಟಿರಲಿಲ್ಲ.

ಬಹುಮಾನ ನಿಲ್ಲಿಸಿದೆ. "ಆಸಕ್ತಿ ಯಾಕೆ ಕಡಿಮೆಯಾಗಿದೆ?" ಎಂದು ಕ್ಯಾಬಿನ್ನಿಗೆ ಕರೆದು ಕೇಳಿದರೆ "ಹಾಗೇನಿಲ್ಲ ಮೇಡಂ" ಎಂಬುದಕ್ಕಿಂತ ಹೆಚ್ಚು ಯಾರೂ ಹೇಳುವುದಿಲ್ಲ. ಹಾಗಾಗಿ ಆ ಹಿರಿಯರ ಪಕ್ಕದ ಕುರ್ಚಿಗೆ ಹೋಗಿ ಕೂತು, ಒಂದು ದೂರು ಹೇಗೆ ಸಾಗುತ್ತದೆಂದು ನೋಡಿದೆ. ಒಂದು ಗಂಟೆಯೊಳಗೆ ಮೂರು ಸಲ ಅವರು ಅನುಮತಿಗೆ ಕಾದರು. ಚಿಕ್ಕ ಮೊತ್ತದ ಹಣ ವಾಪಸಾತಿಗೂ ನನ್ನ ಒಪ್ಪಿಗೆ ಬೇಕಿತ್ತು. ಕಾಯುತ್ತಲೇ ಅವರು ಹೇಳಿದರು: "ಕೊನೆಗೆ ಗ್ರಾಹಕರಿಗೆ ದುಡ್ಡು ಸಿಕ್ಕಿತೋ ಇಲ್ಲವೋ, ನಮಗೆ ಗೊತ್ತೇ ಆಗೋದಿಲ್ಲ ಮೇಡಂ."

ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟರ ಮಾತುಗಳಿವೆ. ಬೇಸರದ ಪ್ರಸಂಗಗಳಲ್ಲಿ ಸಂಸ್ಥೆಯ ನಿಯಮ, ಮೇಲ್ವಿಚಾರಣೆಯ ರೀತಿ ಹೆಚ್ಚಾಗಿ ಬರುತ್ತವೆ; ಸಂತೋಷದ ಪ್ರಸಂಗಗಳಲ್ಲಿ ಏನನ್ನೋ ಸಾಧಿಸಿದ ಭಾವ, ಸಿಕ್ಕ ಮನ್ನಣೆ. ಆ ಒಂದು ಗಂಟೆಯಲ್ಲಿ ನಾನು ಕಂಡದ್ದೂ ಅದೇ: ಬೇಸರ ತರುವ ನಿಯಮವಿತ್ತು, ಸಾಧಿಸಿದ ಭಾವಕ್ಕೆ ಜಾಗವಿರಲಿಲ್ಲ. ಒಂದು ಮಿತಿಯವರೆಗೆ ಹಣ ಹಿಂದಿರುಗಿಸುವ ಅಧಿಕಾರವನ್ನು ತಂಡದವರಿಗೇ ಬಿಟ್ಟೆ. ದೂರು ಯಾರ ಕೈಗೆ ಬಂತೋ ಕೊನೆಯವರೆಗೂ ಅವರದೇ, ಗ್ರಾಹಕರ ಕೊನೆಯ ಉತ್ತರವೂ ಅವರಿಗೇ ಬರಬೇಕು ಎಂದು ಮಾಡಿದೆ. ಮೊದಲ ಕೆಲವು ವಾರ ಲೆಕ್ಕ ಕುಸಿಯಿತು. ಮೇಲಿನವರ ಮುಂದೆ ಅದಕ್ಕೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಆಮೇಲೆ ಮರುಕರೆಗಳು ಇಳಿದವು. ಆ ಹಿರಿಯರ ಪಕ್ಕದಲ್ಲಿ ಮತ್ತೆ ಹೊಸಬರು ಕೂರತೊಡಗಿದರು.

ಹಾಗೆಂದು ಸಂಬಳ ಮುಖ್ಯವಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಂಡದಲ್ಲಿ ನಾಲ್ಕು ವರ್ಷ ದುಡಿದವರೊಬ್ಬರಿಗೆ, ಆಗಷ್ಟೇ ಸೇರಿದವರಿಗಿಂತ ಕಡಿಮೆ ಸಂಬಳವಿತ್ತು. ಅವರಿಗದು ತಿಳಿದಿತ್ತು. ಅಂಥವರ ಮುಂದೆ ಹೊಗಳಿಕೆಯ ಮಾತಾಡಿದರೆ ಅದು ಅವಮಾನವಾಗಿ ಕೇಳುತ್ತದೆ. ಸಂಬಳ ಸರಿಪಡಿಸಲು ಏಳು ತಿಂಗಳು ಓಡಾಡಿದೆ. ಅಲ್ಲಿಯವರೆಗೆ ಅವರಿಂದ ಹೆಚ್ಚಿನದೇನನ್ನೂ ಕೇಳಲಿಲ್ಲ.

ಇನ್ನೊಬ್ಬ ಹುಡುಗನ ವಿಷಯದಲ್ಲಿ ಇದಾವುದೂ ನಡೆಯಲಿಲ್ಲ. ತಡವಾಗಿ ಬರುತ್ತಿದ್ದ, ಫೋನ್ ಎತ್ತಲು ಹಿಂಜರಿಯುತ್ತಿದ್ದ. ವಾರ್ಷಿಕ ಮೌಲ್ಯಮಾಪನದಲ್ಲಿ "ಶಿಸ್ತಿಲ್ಲ" ಎಂದು ಬರೆದಿದ್ದೆ. ಪಕ್ಕದಲ್ಲಿ ಕೂತ ದಿನ ಕಂಡದ್ದೇ ಬೇರೆ: ಸಿಟ್ಟಾದ ಗ್ರಾಹಕರ ಪ್ರತಿ ಕರೆಯ ನಂತರ ಅವನ ಕೈ ನಡುಗುತ್ತಿತ್ತು. ಅಂಕಿಅಂಶ ಜೋಡಿಸುವ ಕೆಲಸದಲ್ಲಿ ಮಾತ್ರ ಊಟದ ಹೊತ್ತೂ ಮರೆಯುತ್ತಿದ್ದ. ವರದಿ ವಿಭಾಗಕ್ಕೆ ವರ್ಗ ಮಾಡಿಸಿದೆ. ಅವನ ಕಡತ ಅಲ್ಲಿಗೆ ಹೋಗುವ ಮೊದಲು ಆ ಮೌಲ್ಯಮಾಪನವನ್ನು ಹಿಂದಕ್ಕೆ ತರಿಸಿ, ತಿದ್ದಿ ಬರೆದು, ಅವನ ಮುಂದೆಯೇ ಸಹಿ ಹಾಕಿದೆ.