ಅವ್ವನ ಪಗಾರ ಲೆಕ್ಕದಲ್ಲಿ ಇರಲಿಲ್ಲ

2021ರಲ್ಲಿ ಧಾರವಾಡದಲ್ಲಿ ಬಿಕಾಂ ಕೊನೆ ವರ್ಷ ಓದುತ್ತಿದ್ದೆ. ನಮ್ಮೂರು ರೋಣ ತಾಲೂಕಿನಲ್ಲಿದೆ. ಅವ್ವ ಕಟ್ಟಿಕೊಡುತ್ತಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಾಸ್ಟೆಲ್‌ನಲ್ಲಿ ಎರಡೇ ದಿನಕ್ಕೆ ಖಾಲಿ ಆಗುತ್ತಿತ್ತು. ಒಮ್ಮೆ ಗೆಳೆಯನೊಬ್ಬ, "ರೊಕ್ಕ ಕೊಡ್ತೇನಿ, ನನಗೂ ತಂದ್ಕೊಡಲೇ" ಅಂದ. ವ್ಯಾಪಾರ ಶುರುವಾಗಿದ್ದು ಹಾಗೆ.

ಕಾಗದಪತ್ರ ಕಷ್ಟ ಆಗಲಿಲ್ಲ. ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಆಗ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ. ಅದಕ್ಕೂ ಸೈಬರ್ ಸೆಂಟರ್‌ನಲ್ಲಿ 500 ರೂಪಾಯಿ ಕೊಟ್ಟು ಬಂದೆ, ಬಿಕಾಂ ಓದೋ ಹುಡುಗ!

ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸಿದ ಮೊದಲ ಪಾರ್ಸೆಲ್ ಪುಡಿಪುಡಿ ಆಗಿ ಮುಟ್ಟಿತು. ತಪ್ಪು ನಮ್ಮದೇ. ಡಬ್ಬದೊಳಗೆ ಅಲುಗಾಡಿದರೆ ರೊಟ್ಟಿ ಮುರಿಯುತ್ತೆ, ಬಿಗಿಯಾಗಿ ಕೂತರೆ ತಾಳುತ್ತೆ. ಆಮೇಲೆ 25 ರೊಟ್ಟಿ ಪೇರಿಸಿ, ಕೆಳಗೆ ಮೇಲೆ ದುಂಡಗೆ ಕತ್ತರಿಸಿದ ರಟ್ಟು ಇಟ್ಟು, ಸುತ್ತ ಹಳೇ ಪೇಪರ್ ತುರುಕಲು ಕಲಿತೆ.

ನಿಜವಾದ ಪೆಟ್ಟು ಬಿದ್ದಿದ್ದು ಲೆಕ್ಕದಲ್ಲಿ. 25 ರೊಟ್ಟಿಗೆ 150 ರೂಪಾಯಿ. ಹಿಟ್ಟಿಗೆ 50, ಡಬ್ಬಕ್ಕೆ 12, ಉರುವಲಿಗೆ 8. ಲಾಭ 80! ಖುಷಿಯಿಂದ ಅವ್ವನಿಗೆ ಓದಿ ಹೇಳಿದೆ. ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಎಲ್ಲಾ ಬರ್ದಿ, ನನ್ನ ಪಗಾರ ಎಲ್ಲಿ ಬರ್ದಿಯಪಾ?"

ಆರ್ಡರ್ ಜಾಸ್ತಿ ಆಗಿ ಪಕ್ಕದ ಮನೆ ಚಿಕ್ಕಮ್ಮ ಕೈಜೋಡಿಸಿದಾಗ ಆ ಪ್ರಶ್ನೆಗೆ ಬೆಲೆ ಬಂತು. ಬಡಿಯೋ ಕೂಲಿ ರೊಟ್ಟಿಗೆ 2 ರೂಪಾಯಿ, ಅಂದರೆ 50. ಉಳಿದಿದ್ದು 30. ಅಂಗಡಿಗಳಿಗೂ ರೊಟ್ಟಿ ಹಾಕುತ್ತಿದ್ದೆ, ಅವರ ಕಮಿಷನ್ ನೂರಕ್ಕೆ 20, ಅದೂ 30. ಕೈಗೆ ಸೊನ್ನೆ! ಅಷ್ಟು ದಿನ ನಾನು ಲಾಭ ಅಂದುಕೊಂಡಿದ್ದು ಅವ್ವನ ಕೂಲಿ, ಅಷ್ಟೇ. ಅಂಗಡಿಗಳಿಗೆ ಹಾಕೋದು ಬಿಟ್ಟೆ. ನೇರ ಗಿರಾಕಿಗಳು, ರೊಟ್ಟಿ ಜೊತೆಗೆ ಚಟ್ನಿ. ಲಾಭ ಚಟ್ನಿಯಲ್ಲೇ ಇತ್ತು.

ಡಿಗ್ರಿ ಮುಗಿದ ಮೇಲೆ ಇದನ್ನೇ ದೊಡ್ಡದು ಮಾಡು ಅಂದವರು ಬಹಳ. ಆದರೆ ತಿಂಗಳಿಗೆ ಮೂರು ಮನೆಗೆ ಕೂಲಿ ಹುಟ್ಟುತ್ತಿತ್ತು, ನಾಲ್ಕನೆಯವನಾದ ನನಗೆ ಹುಟ್ಟುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಕಿರಾಣಿ ಸಾಮಾನಿನ ವಿತರಕರೊಬ್ಬರ ಬಳಿ ಸಂದರ್ಶನಕ್ಕೆ ಹೋದೆ. ಮಾಲೀಕರು ಅಂಕಪಟ್ಟಿ ತಿರುಗಿಸಿ ನೋಡಿ ಬದಿಗಿಟ್ಟರು. "ರೊಟ್ಟಿ ಮಾರಿದೀರಲ್ಲ, ಉದ್ರಿ ಎಷ್ಟು ನಿಂತದ?" ಅಂದರು. 2,340 ರೂಪಾಯಿ, ಎರಡು ಅಂಗಡಿ, ಅದರಲ್ಲಿ ಒಂದರದು ಐದು ತಿಂಗಳಿಂದ ಅಂದೆ. ಬ್ಯಾಗಿನಲ್ಲಿದ್ದ ನೋಟ್‌ಬುಕ್ ತೆಗೆದು ತೋರಿಸಿದೆ. ಹಾಳೆ ಮೇಲೆ ಚಟ್ನಿ ಎಣ್ಣೆಯ ಕಲೆ ಬೇರೆ. ಸೋಮವಾರ ಕೆಲಸಕ್ಕೆ ಸೇರಿದೆ, ವಸೂಲಿ ವಿಭಾಗಕ್ಕೆ. ನನ್ನ ಆ 2,340 ಮಾತ್ರ ಇನ್ನೂ ಬಂದಿಲ್ಲ, ತಮಾಷೆ ಅಲ್ವಾ!

ವ್ಯಾಪಾರ ಈಗ ಅವ್ವ ಮತ್ತು ಅಕ್ಕಪಕ್ಕದ ಇಬ್ಬರ ಕೈಯಲ್ಲಿದೆ. ಫೋನ್ ಅವರದೇ, ದರವೂ ಅವರದೇ. ಹೋದ ವರ್ಷ ನನ್ನನ್ನು ಕೇಳದೆಯೇ ರೊಟ್ಟಿಗೆ 8 ರೂಪಾಯಿ ಮಾಡಿದರು. ಊರಿಗೆ ಹೋದಾಗ ಅವ್ವ ಈಗಲೂ ರೊಟ್ಟಿ ಕಟ್ಟಿಕೊಡುತ್ತಾಳೆ, ಆದರೆ ಎಣಿಸಿ.