ಸಿಡಿಲಿಗೆ ಸುಟ್ಟ ಫ್ರೀಜರ್, ಹಾಳಾದ ಮೀನು, ಕೈಗೆ ಬಂದ ಕ್ಲೈಮ್: ನನ್ನ ಅನುಭವ

ಫ್ರೀಜರಿನಲ್ಲಿ ಹಾಳಾದ ಮೀನಿಗೆ ಮನೆ ಇನ್ಶೂರೆನ್ಸಿನಿಂದ ದುಡ್ಡು ತೆಗೆಯುತ್ತೇನೆ ಎಂದಾಗ ನಮ್ಮ ಕಾಸರಗೋಡಿನ ಕುಂಬಳೆಯಲ್ಲಿ ಒಬ್ಬರೂ ನಂಬಲಿಲ್ಲ. ಪಾಲಿಸಿ ಮಾಡಿಸಿಕೊಟ್ಟ ಏಜೆಂಟರೇ "ಅದೆಲ್ಲ ಆಗುವ ಕೆಲಸ ಅಲ್ಲ, ಬಿಡಿ" ಎಂದಿದ್ದರು. ಆಯಿತು. ಆಹಾರದ ಬಾಬ್ತು ಒಂದಕ್ಕೇ ಸುಮಾರು 9 ಸಾವಿರ ಬ್ಯಾಂಕಿಗೆ ಬಿದ್ದಿದೆ, ಫ್ರೀಜರ್ ರಿಪೇರಿಯದ್ದು ಬೇರೆ.

ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿ ಟ್ರಾಲಿಂಗ್ (ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಶುರುವಾದರೆ 52 ದಿನ ದೊಡ್ಡ ಬೋಟು ಕಡಲಿಗಿಳಿಯುವುದಿಲ್ಲ. ಅದಕ್ಕೆ ಮೊದಲೇ ಡೀಪ್ ಫ್ರೀಜರ್ ತುಂಬಿಸಿಡುವವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ನನ್ನದರಲ್ಲಿ ಅಂಜಲ್, ಬಂಗುಡೆ, ಸಿಗಡಿ ಸೇರಿ 20 ಕಿಲೋ ಹತ್ತಿರ ಇತ್ತು, ಮೇಲಿನಿಂದ ತೋಟದ ಹಲಸಿನ ಸೊಳೆ.

ಇದಕ್ಕೆ ಮೊದಲು ಒಂದು ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎಲ್ಲ ಹಾಳಾಗಿತ್ತು. ಆಗ ಸಿಕ್ಕಿದ್ದು ಸೊನ್ನೆ. 2021ರ ಏಪ್ರಿಲಿನಿಂದ ಎಲ್ಲ ಕಂಪನಿಯವರೂ ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆಯಂಥದಕ್ಕೆ ಒಳ್ಳೆಯದೇ. ಆದರೆ ಬರೀ ಕರೆಂಟು ಹೋಗಿ ಕೊಳೆತದ್ದನ್ನು ಅದರಲ್ಲಿ ಕೇಳಿ ಗೆಲ್ಲುವುದು ಕಷ್ಟ. ಹಾಗಾಗಿ ರಿನೀವಲ್ ಹೊತ್ತಿಗೆ ಹುಡುಕಿ ಹುಡುಕಿ ಫ್ರೀಜರ್ ಆಹಾರದ ಆಡ್-ಆನ್ (ಹೆಚ್ಚಿನ ಪ್ರೀಮಿಯಂ ಕೊಟ್ಟು ಸೇರಿಸುವ ರಕ್ಷಣೆ) ಇರುವ ಪಾಲಿಸಿಗೆ ಬದಲಾಯಿಸಿದೆ. ಮಿತಿ 15 ಸಾವಿರ. ಪ್ರೀಮಿಯಂ ಹೆಚ್ಚಾದದ್ದು ಇನ್ನೂರು ಮುನ್ನೂರರ ಒಳಗೆ.

ಈ ಸಲ ಮೇ ಕೊನೆಗೆ ಸಿಡಿಲು ಬಡಿದು ಫ್ರೀಜರಿನ ಬೋರ್ಡು ಸುಟ್ಟಿತು. ಮೆಕ್ಯಾನಿಕ್ ಬಂದವನೇ ಹೊಸ ಬೋರ್ಡು ಹಾಕಲು ಹೊರಟ. ನಾನು ತಡೆದು, ಮೊದಲು ಲೆಟರ್‌ಹೆಡ್ಡಿನಲ್ಲಿ ಏನು ಸುಟ್ಟಿದೆ, ಯಾವುದರಿಂದ ಸುಟ್ಟಿದೆ ಎಂದು ಬರೆಸಿಕೊಂಡೆ. ಕಪ್ಪಾದ ಬೋರ್ಡನ್ನು ಕವರಿಗೆ ಹಾಕಿ ಇಟ್ಟುಕೊಂಡೆ. ವಿದ್ಯುತ್ ಸೆಕ್ಷನ್ ಆಫೀಸಿನಿಂದ ಆ ರಾತ್ರಿ ಲೈನಿಗೆ ಸಿಡಿಲು ತಾಗಿದ್ದಕ್ಕೆ ಮಲಯಾಳದಲ್ಲಿ ಒಂದು ಚೀಟಿ ಸಿಕ್ಕಿತು. ಈ ಎರಡು ಕಾಗದ ಇಲ್ಲದಿದ್ದರೆ ಉಳಿದದ್ದಕ್ಕೆಲ್ಲ ಬೆಲೆಯೇ ಇಲ್ಲ. ಕರೆಂಟಿನವರು ಮೊದಲೇ ಹೇಳಿ ಲೈನ್ ಆಫ್ ಮಾಡಿದ್ದಲ್ಲ ಎಂಬುದನ್ನು ಇನ್ಶೂರೆನ್ಸಿನವರು ಮೊದಲು ನೋಡುತ್ತಾರೆ.

ನಿಜವಾದ ಪೇಚಾಟ ಮೀನಿನದ್ದು. ನಷ್ಟ ಲೆಕ್ಕ ಹಾಕುವ ಸರ್ವೇಯರ್ ಬರುವ ತನಕ ಏನನ್ನೂ ಎಸೆಯಬಾರದು ಅಂತ ಕಂಪನಿಯವರು ಫೋನಿನಲ್ಲಿ ಹೇಳುತ್ತಾರೆ. ಮೂರನೇ ದಿನಕ್ಕೆ ಸಿಗಡಿಯ ವಾಸನೆ ಅಂಗಳ ದಾಟಿ ರಸ್ತೆಗೆ ಮುಟ್ಟಿತು. ನಾನು ತೂಗುತಕ್ಕಡಿಗೆ ಒಂದೊಂದೇ ಪ್ಯಾಕೆಟ್ ಸಿಕ್ಕಿಸಿ, ಪಕ್ಕದಲ್ಲಿ ಆ ದಿನದ ಪೇಪರ್ ಇಟ್ಟು, ತೂಕದ ಅಂಕಿ ಕಾಣುವ ಹಾಗೆ ಫೋಟೋ ಹೊಡೆದೆ. ಅಂಜಲ್ ತುಂಡು ಬೆರಳು ಒತ್ತಿದಲ್ಲಿ ತಗ್ಗಾಗಿ ಹಾಗೇ ನಿಲ್ಲುವುದನ್ನು ವಿಡಿಯೋ ಮಾಡಿದೆ. ಆಮೇಲೆ "ಹೂತು ಹಾಕಬಹುದೇ?" ಎಂದು ಕಂಪನಿಗೆ ಇಮೇಲ್. ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ವಾರ್ಡ್ ಮೆಂಬರ್ ಎದುರಿಗೆ ತೆಂಗಿನ ಬುಡಕ್ಕೆ ಹಾಕಿದ್ದು.

ಮೀನಿಗೆ ಬಿಲ್ಲು ಎಲ್ಲಿಂದ? ಮಾರುಕಟ್ಟೆಯಲ್ಲಿ ಯಾರೂ ಬಿಲ್ಲು ಹರಿಯುವುದಿಲ್ಲ. ಗೂಗಲ್ ಪೇ ಲೆಕ್ಕ ತೆಗೆದು, ಮೀನಿನವಳ ಕೈಯಿಂದ ದರ ಬರೆಸಿ ಸಹಿ ಹಾಕಿಸಿದೆ. ಅದು ನಡೆಯಿತು. ನಗದು ಕೊಟ್ಟು ತಂದ ಬಂಗುಡೆಗೆ ಅರ್ಧ ಕಡಿದರು. ಸೊಳೆಗೆ ಒಂದು ಪೈಸೆ ಕೊಡಲಿಲ್ಲ, ತೋಟದ್ದು, ಖರೀದಿಯ ದಾಖಲೆ ಇಲ್ಲ ಎಂದು. ಸುಲಿದು, ಬಿಡಿಸಿ, ಕಟ್ಟಿಟ್ಟ ಹೆಂಗಸರ ಕೂಲಿಯೇ ಎರಡು ಸಾವಿರ ಹತ್ತಿರ ಆಗಿತ್ತು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹಾಳಾಗದಂತೆ ಉಳಿಸಲು ತಂದ ಐಸಿನ ಖರ್ಚನ್ನು ಮಾತ್ರ ಪೂರ್ತಿ ಒಪ್ಪಿದರು, ಅದನ್ನು ಕೇಳಲು ಮರೆಯಬೇಡಿ.

ನಡುವೆ ಕ್ಲೈಮ್ ಸುಮ್ಮನೆ ಮಲಗಿತ್ತು. ಇನ್ಶೂರೆನ್ಸ್ ನಿಯಂತ್ರಕರಾದ IRDAIಯ ದೂರಿನ ವೆಬ್‌ಸೈಟು ಬಿಮಾ ಭರೋಸಾದಲ್ಲಿ ದೂರು ಹಾಕಿದೆ. ಅಲ್ಲಿಯೂ ಆಗದಿದ್ದರೆ ಕೊಚ್ಚಿಯ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಕಂಪನಿಯ ಮೇಲಿನ ದೂರು ಕೇಳಿ ತೀರ್ಮಾನಿಸುವವರು), ಅಲ್ಲಿ ಫೀಸಿಲ್ಲ. ಭರೋಸಾದ ದೂರಿನ ಮೊದಲ ಎರಡು ಸಾಲು ಹೇಗೆ ಬರೆದೆ ಎಂಬುದು ನನ್ನ ಹತ್ತಿರವೇ ಇರಲಿ. ಕೆಲವೇ ದಿನದಲ್ಲಿ ಕಂಪನಿಯಿಂದ ಫೋನ್ ಬಂತು.

ಈಗ ಕರೆಂಟು ಹೋದರೂ ಮೀನು ಉಳಿಸಲು ಇನ್ನೊಂದು ಪ್ರಯೋಗ ನಡೆಯುತ್ತಿದೆ. ಲೀಟರಿಗೆ ಸುಮಾರು 100 ಗ್ರಾಂ ಉಪ್ಪು ಕರಗಿಸಿದ ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಮೀನಿನ ಮೇಲೆ ಮಲಗಿಸಿದ್ದೇನೆ. ಬರೀ ನೀರಿನ ಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಕರಗುವಾಗ ಮೀನು ಆಗಲೇ ಮೆತ್ತಗಾಗಿರುತ್ತದೆ; ಉಪ್ಪುನೀರಿನದ್ದು ಮೈನಸ್ 6ರ ಆಸುಪಾಸಿನಲ್ಲೇ ಕರಗುತ್ತ ತಣಿವು ಹಿಡಿಯುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ. ಮುಚ್ಚಳ ತೆರೆಯದಿದ್ದರೆ ಒಂದೂವರೆ ದಿನ ದಾಟಿದರೂ ಬಂಗುಡೆ ಕಲ್ಲಿನ ಹಾಗೆಯೇ ಇತ್ತು. ಒಳಗೆ ಒಂದು ಡಿಜಿಟಲ್ ಥರ್ಮಾಮೀಟರಿನ ವಯರ್ ಇಳಿಬಿಟ್ಟಿದ್ದೇನೆ, 300 ರೂಪಾಯಿಯದ್ದು. ಮುಂದಿನ ಕ್ಲೈಮಿಗೆ ಅದರ ಫೋಟೋವೂ ಸೇರುತ್ತದೆ. ಸೊಳೆ ಕಟ್ಟುವ ಹೆಂಗಸರಿಗೆ ಈ ವರ್ಷದಿಂದ ಕೂಲಿಯನ್ನು ಗೂಗಲ್ ಪೇಯಲ್ಲೇ ಕೊಡುತ್ತಿದ್ದೇನೆ.