ನಮ್ಮನೆ ಹೆಂಗಸರ ಫೋಟೋ ತೆಗೆಯೋದು ಹೆಂಗೆ, ಮತ್ತೆ ನಾನು ಯಾರ್ಯಾರಿಂದ ಕದ್ದೆ

ನಮ್ಮಜ್ಜಿದು ಒಂದೂ ನೆಟ್ಟಗಿರೋ ಫೋಟೋ ಇರ್ಲಿಲ್ಲ. ಆಲ್ಬಮ್ ತೆಗೆದ್ರೆ ಮದುವೆ ಮನೇಲಿ ಯಾರದೋ ಹೆಗಲ ಹಿಂದೆ ಅರ್ಧ ಮುಖ, ನಾಮಕರಣದಲ್ಲಿ ಮಗು ಎತ್ಕೊಂಡು ತಲೆ ಬಗ್ಗಿಸಿದಾರೆ, ಒಬ್ರೇ ಇರೋದು ಅಂದ್ರೆ ಒಂದು ಐಡಿ ಕಾರ್ಡಿಂದು, ಅದನ್ನ ನೋಡಿದ್ರೆ ಅವ್ರಿಗೇ ನಗು. ಮೊಬೈಲ್ ಎತ್ತಿದ ತಕ್ಷಣ "ಏ ಹೋಗೇ, ನಂದೇನು ತೆಗೀತೀಯ, ತಲೆ ಬೇರೆ ಬಾಚಿಲ್ಲ". ನಿಮ್ಮನೇಲೂ ಇದೇ ಕಥೆ ಇರತ್ತೆ. ಎರಡು ವರ್ಷದಿಂದ ಹನುಮಂತನಗರದ ನಮ್ಮ ಮನೇಲಿ ಅಜ್ಜಿ, ಅಮ್ಮ, ಚಿಕ್ಕಮ್ಮ, ಕೆಳಗಿನ ಮನೆ ಆಂಟಿ ಎಲ್ಲರ ಮೇಲೂ ಪ್ರಯೋಗ ಮಾಡಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ಪೋಸು ಹೇಳ್ಕೊಡೋ ವಿಡಿಯೋಗಳು ನಂಗೆ ಅಷ್ಟೇನೂ ಉಪಯೋಗಕ್ಕೆ ಬರ್ಲಿಲ್ಲ, ಬಂದಿದ್ದು ಕಳೆದ ಶತಮಾನದಲ್ಲಿ ಕ್ಯಾಮೆರಾ ಹಿಡಿದ ಹೆಂಗಸರು ಹೆಂಗೆ ಕೆಲಸ ಮಾಡ್ತಿದ್ರು ಅಂತ ಓದಿದ್ದು, ನೋಡಿದ್ದು. ಒಬ್ಬೊಬ್ರಿಂದ ಒಂದೊಂದು ಅಭ್ಯಾಸ ಕದ್ದಿದೀನಿ.

ಮೊದಲು ಬೆಳಕು. ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಬೆಳಕು ಒಂದು ಬಣ್ಣ, ಟ್ಯೂಬ್‌ಲೈಟ್ ಇನ್ನೊಂದು ಬಣ್ಣ, ಎರಡೂ ಮುಖದ ಮೇಲೆ ಬಿದ್ರೆ ಆಮೇಲೆ ಏನು ಎಡಿಟ್ ಮಾಡಿದ್ರೂ ಸರಿ ಹೋಗಲ್ಲ. ಕಿಟಕಿ ಪಕ್ಕ ಕುರ್ಚಿ ಹಾಕಿ, ಕಿಟಕಿಗೆ ಪೂರ್ತಿ ಎದುರಲ್ಲ, ಸ್ವಲ್ಪ ಓರೆ, ಆಗ ಒಂದು ಕೆನ್ನೆ ಬೆಳಗಿ ಇನ್ನೊಂದು ಕೆನ್ನೆ ನೆರಳಲ್ಲಿ ಇರತ್ತೆ. ನೆರಳು ಜಾಸ್ತಿ ಆಯ್ತು ಅನ್ಸಿದ್ರೆ ಆ ಕಡೆಗೆ ಒಂದು ಥರ್ಮಾಕೋಲ್ ಶೀಟೋ, ಅಪ್ಪನ ಬಿಳಿ ಪಂಚೆನೋ ಹಿಡೀರಿ. ಸೊಳ್ಳೆ ಮೆಶ್ ಇದ್ರೆ ಸರಿಸಿ, ಅದು ಬೆಳಕನ್ನ ನುಂಗತ್ತೆ. ನಮ್ಮ ಬೆಂಗಳೂರಲ್ಲಿ ಇನ್ನೊಂದು ತೊಂದ್ರೆ ಇದೆ, ಯಾರೂ ಹೇಳಲ್ಲ: 30-40 ಅಡಿ ಸೈಟಲ್ಲಿ ಪಕ್ಕದ ಮನೆ ಗೋಡೆ ಕೈಗೆ ಸಿಗೋ ಅಷ್ಟು ಹತ್ರ, ಅವ್ರು ಗಿಳಿ ಹಸಿರು ಪೇಂಟ್ ಹೊಡೆಸಿದ್ರೆ ನಿಮ್ಮಮ್ಮನ ಮುಖಾನೂ ಹಸಿರು. ನಂಗೆ ಇದು ಗೊತ್ತಾಗೋಕೆ ಮೂರು ತಿಂಗಳು ಹಿಡೀತು, ಅಲ್ಲಿವರೆಗೂ ಕ್ಯಾಮೆರಾನೇ ಕೆಟ್ಟಿದೆ ಅಂದ್ಕೊಂಡಿದ್ದೆ. ಅಂಥ ಮನೆ ಆದ್ರೆ ಬಾಗಿಲ ಹೊಸ್ತಿಲ ಒಳಗಡೆ ಕೂರಿಸಿ. ಜುಲೈ ಆಗಸ್ಟ್‌ನ ಮೋಡದ ಬೆಳಕಂತೂ ಪುಕ್ಸಟ್ಟೆ ಸಿಗೋ ಸಾಫ್ಟ್‌ಬಾಕ್ಸು, ಅಂದ್ರೆ ಸ್ಟುಡಿಯೋದೋರು ಬೆಳಕು ಮೆತ್ತಗೆ ಮಾಡೋಕೆ ಇಟ್ಕೊಳೋ ಡಬ್ಬಿ ದೀಪ.

ಮೊಬೈಲಲ್ಲಿ ತೆಗೆಯೋರು ಬ್ಯೂಟಿ ಮೋಡ್ ಆಫ್ ಮಾಡಿ, ದಯವಿಟ್ಟು. ಕಪ್ಪಗಿರೋರನ್ನ ಬೆಳ್ಳಗೆ ಮಾಡಿ ಸುಕ್ಕೆಲ್ಲ ಇಸ್ತ್ರಿ ಹಾಕಿಬಿಟ್ರೆ ಅದು ಯಾರ ಅಜ್ಜಿ? ಮುಖ ಹತ್ರ ಇದ್ದಾಗ 1ಎಕ್ಸ್‌ನಲ್ಲಿ ಮೂಗು ದೊಡ್ಡದಾಗಿ ಬರತ್ತೆ, ಅದಕ್ಕೆ ನಾಲ್ಕೈದು ಅಡಿ ಹಿಂದೆ ಹೋಗಿ 2ಎಕ್ಸ್ ಹಾಕಿ. ಹತ್ರದ ಕಣ್ಣನ್ನ ಒತ್ತಿ ಫೋಕಸ್ ಮಾಡಿ, ಆಮೇಲೆ ಬ್ರೈಟ್‌ನೆಸ್ ಸ್ವಲ್ಪ ಕೆಳಗೆ ಎಳೀರಿ, ಇಲ್ಲಾಂದ್ರೆ ಬಿಳಿ ಕೂದ್ಲು, ಮೂಗುಬಟ್ಟು ಎಲ್ಲ ಸುಣ್ಣ ಬಳಿದಂಗೆ ಆಗತ್ತೆ. ಕ್ಯಾಮೆರಾ ಇದ್ದೋರು 50 ಎಂಎಂ ಲೆನ್ಸು, ಎಫ್ 2.8 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋ ನಂಬರು, ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಶಟರ್ 1/125 ಸೆಕೆಂಡಿಗಿಂತ ನಿಧಾನ ಬೇಡ. ಎಫ್ 1.8 ಇದೆ ಅಂತ ಅದನ್ನೇ ಹಾಕಿದ್ರೆ ಒಂದು ಕಣ್ಣು ಶಾರ್ಪು ಇನ್ನೊಂದು ಮಂಜು. ಕನ್ನಡಕದಲ್ಲಿ ಕಿಟಕಿ ಕಾಣ್ತಿದ್ರೆ ಗದ್ದ ಒಂಚೂರು ಕೆಳಗೆ ಮಾಡೋಕೆ ಹೇಳಿ. ಟೆಕ್ನಿಕಲ್ಲು ಇಷ್ಟು ಸಾಕು, ಯಾಕಂದ್ರೆ ನಮ್ಮಜ್ಜಿ ಬೇಡ ಅಂದಿದ್ದು ಎಫ್ ನಂಬರ್ ಸರಿ ಇಲ್ಲ ಅಂತ ಅಲ್ಲ.

ಅವ್ರನ್ನ ಒಪ್ಸಿದ ಉಪಾಯ ನಾನು ಫೋಟೋಗ್ರಾಫರ್ ಶೀಬಾ ಛಾಛಿ ಅವ್ರಿಂದ ಕದ್ದಿದ್ದು. ದಿಲ್ಲಿಯಲ್ಲಿ 1980ರ ದಶಕದಲ್ಲಿ ವರದಕ್ಷಿಣೆ ವಿರುದ್ಧ ಹೋರಾಟ ಎಲ್ಲ ನಡೀತಿದ್ದಾಗ ಅವ್ರು ಹೋರಾಟದ ಒಳಗೇ ಇದ್ಕೊಂಡು ಫೋಟೋ ತೆಗೀತಿದ್ರು. ಆಮೇಲೆ ಬೀದಿಲಿ ಘೋಷಣೆ ಕೂಗೋ ಆ ಒಂದೇ ಥರದ ಚಿತ್ರದಲ್ಲಿ ಆ ಹೆಂಗಸರು ಪೂರ್ತಿ ಬರ್ತಿಲ್ಲ ಅನ್ಸಿ, ಏಳು ಜನರ ಜೊತೆ ಕೂತು ಪೋರ್ಟ್ರೇಟ್ ಮಾಡಿದ್ರು. ಎಲ್ಲಿ ಕೂರಬೇಕು, ಏನು ಉಟ್ಕೋಬೇಕು, ಪಕ್ಕದಲ್ಲಿ ಯಾವ ಸಾಮಾನು ಇಟ್ಕೋಬೇಕು ಅನ್ನೋದ್ರಲ್ಲಿ ಕೂತೋರ ಮಾತೇ ನಡೀತು. ನಾನೂ ಅಜ್ಜಿಗೆ ಅದೇ ಕೇಳ್ದೆ, ನೀವೇ ಹೇಳಿ ಎಲ್ಲಿ ಕೂತ್ಕೋತೀರ, ಏನಿಟ್ಕೋತೀರ. ನಾನು ದೇವರ ಮನೆ, ರೇಷ್ಮೆ ಸೀರೆ ಅಂತೆಲ್ಲ ಅಂದ್ಕೊಂಡಿದ್ರೆ ಅವ್ರು ಅಟ್ಟದಿಂದ ಹಳೇ ಹೊಲಿಗೆ ಮಿಷನ್ ಇಳಿಸೋಕೆ ಹೇಳಿದ್ರು! ಅದ್ರಲ್ಲಿ ಬ್ಲೌಸ್ ಹೊಲಿದು ಅಮ್ಮನ ಕಾಲೇಜ್ ಫೀಸು ಕಟ್ಟಿದ್ರಂತೆ, ನಂಗೆ ಅವತ್ತೇ ಗೊತ್ತಾಗಿದ್ದು. ಹತ್ತಿ ಸೀರೆ, ಕನ್ನಡಕ, ಕೈ ಚಕ್ರದ ಮೇಲೆ. ಕೂತ್ಕೋ ನಿಂತ್ಕೋ ಅಂತ ನಾನು ಒಂದು ಮಾತೂ ಹೇಳೋ ಹಂಗಿರ್ಲಿಲ್ಲ.

ಕೂತ ಮೇಲೆ ಗಡಿಬಿಡಿಲಿ ಒಂದೇ ಒಂದು ಒತ್ತಿ ಎದ್ದು ಬರಬೇಡಿ. ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರ ಮಾರ್ಚಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಅನ್ನೋ ಕಡೆ ಬಟಾಣಿ ಬಿಡಿಸೋ ಕೂಲಿಯೋರ ಕ್ಯಾಂಪ್ ದಾಟಿ ಮನೆ ಕಡೆ ಹೊರಟಿದ್ರು, ಸುಮಾರು 20 ಮೈಲಿ ಮುಂದೆ ಹೋದ ಮೇಲೆ ಮನಸ್ಸು ತಡೀದೆ ಕಾರು ತಿರುಗಿಸಿ ವಾಪಸ್ ಬಂದ್ರು. ಅಲ್ಲಿ ಟೆಂಟಲ್ಲಿ ಮಕ್ಕಳ ಜೊತೆ ಕೂತಿದ್ದ ಒಬ್ಬ ತಾಯಿದು ಐದಾರು ಫೋಟೋ ತೆಗೆದ್ರು, ಒಂದೇ ದಿಕ್ಕಿಂದ, ಒಂದೊಂದಕ್ಕೂ ಇನ್ನೊಂಚೂರು ಹತ್ರ. ಕೊನೆಗೆ ಹತ್ರ ಹೋಗಿ ತೆಗೆದಿದ್ದೇ ಲೋಕಕ್ಕೆಲ್ಲ ಗೊತ್ತಿರೋ 'ಮೈಗ್ರಂಟ್ ಮದರ್' ಚಿತ್ರ. ಹಂಗೇ ಮಾಡಿ, ಮೊದಲು ರೂಮಿನ ಆ ತುದಿಯಿಂದ ಶುರು ಮಾಡಿ ನಿಧಾನಕ್ಕೆ ಹತ್ರ ಬನ್ನಿ, ದೂರದ್ರಲ್ಲಿ ನಗು ಬಿಗಿಯಾಗಿರತ್ತೆ, ಹತ್ರ ಬರೋಷ್ಟೊತ್ತಿಗೆ ಅವ್ರಿಗೆ ಬೇಜಾರಾಗಿ ಮುಖ ಸಡ್ಲ ಆಗಿರತ್ತೆ, ನಮಗೆ ಬೇಕಾಗಿದ್ದು ಅದೇ. ಜೊತೆಗೆ ಮಾತಾಡ್ತಾನೇ ಇರಿ. ಪ್ಯಾರಿಸ್ಸಿನ ಫೋಟೋಗ್ರಾಫರ್ ಜಿಸೆಲ್ ಫ್ರಾಯಿಂಡ್ ಸಾಹಿತಿಗಳ ಫೋಟೋ ತೆಗೆಯೋಕೆ ಮುಂಚೆ ಅವ್ರ ಪುಸ್ತಕ ಓದ್ಕೊಂಡು ಹೋಗಿ ಅದ್ರ ಬಗ್ಗೆನೇ ಮಾತಿಗೆಳೀತಿದ್ರು. ನಮ್ಮಮ್ಮಂಗೆ ಸಾರಿನ ಪುಡಿ ಅಳತೆ ಕೇಳಿದ್ರೆ ಸಾಕು, ಕ್ಯಾಮೆರಾ ಇರೋದೇ ಮರ್ತೋಗತ್ತೆ.

ಫ್ಲ್ಯಾಶ್ ಬಗ್ಗೆ ಒಂದು ಮಾತು. ಅಮೆರಿಕದ ಇನ್ನೊಬ್ಬ ಫೋಟೋಗ್ರಾಫರ್ ಡಯಾನ್ ಆರ್ಬಸ್ 1960ರ ದಶಕದಲ್ಲಿ ಚೌಕ ಚಿತ್ರ ಬರೋ ಕ್ಯಾಮೆರಾ ಹಿಡ್ಕೊಂಡು ಹಗಲಲ್ಲೂ ಫ್ಲ್ಯಾಶ್ ಹೊಡೀತಿದ್ರು, ಅದ್ರಿಂದ ಮುಖ ಹಿನ್ನೆಲೆಯಿಂದ ಕಿತ್ಕೊಂಡು ಎದ್ದು ಬಂದಂಗೆ ಕಾಣತ್ತೆ. ಚೆನ್ನಾಗಿದೆ, ಆದ್ರೆ ನಂಗೆ ಆ ಚಿತ್ರಗಳಲ್ಲಿ ಸ್ವಲ್ಪ ನಿರ್ದಯೆ ಕಾಣತ್ತೆ, ಮನೆಯೋರ ಮೇಲೆ ಬೇಡ. ಕಾಲೇಜ್ ಫ್ರೆಂಡ್ಸ್ ಮೇಲೆ ಮಾಡಿ, ಅವ್ರು ತಡ್ಕೋತಾರೆ.

ಇನ್ನು ಕೆಲವರು ಸುಮ್ನೆ ಕೂರೋಕೆ ಆಗದೇ ಇರೋರು, ನಮ್ಮ ಚಿಕ್ಕಮ್ಮನ ಥರ. ಅಂಥೋರಿಗೆ ವೇಷ ಹಾಕ್ಸಿ. ಇದಕ್ಕೆ ಗುರು ನಮ್ಮೂರಲ್ಲೇ ಇದಾರೆ, 1956ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಪುಷ್ಪಮಾಲಾ ಎನ್., ಮೊದಲು ಶಿಲ್ಪಿ, ಆಮೇಲೆ ತಮ್ಮನ್ನೇ ಮೂರ್ತಿ ಥರ ನಿಲ್ಸಿಕೊಂಡು ಫೋಟೋ ಮಾಡ್ಸೋಕೆ ಶುರು ಮಾಡಿದ್ರು. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಒಂದು ದೊಡ್ಡ ಸರಣಿ ಮಾಡಿದಾರೆ. ನಮ್ಮ ದೇವರ ಮನೆಗಳಲ್ಲಿ ಇರೋ ರವಿವರ್ಮನ ಲಕ್ಷ್ಮಿ ಇದಾಳಲ್ಲ, ಪರದೆ ಬರೆಸಿ, ಸೆಟ್ ಹಾಕಿ, ಅದೇ ಲಕ್ಷ್ಮಿ ಆಗಿ ಇವ್ರೇ ನಿಂತಿದಾರೆ, ಇನ್ನೊಂದ್ರಲ್ಲಿ ಬ್ರಿಟಿಷರು ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸರನ್ನ ಅಳತೆ ಹಿಡಿಯೋಕೆ ಅಂತ ಚೌಕಳಿ ಪರದೆ ಮುಂದೆ ನಿಲ್ಸಿ ತೆಗೆದ ಫೋಟೋನ ಹಂಗೇ ಮತ್ತೆ ಮಾಡಿದಾರೆ. ನೋಡಿದ್ರೆ ಮೊದಲು ನಗು ಬರತ್ತೆ, ಆಮೇಲೆ ಬರಲ್ಲ. ಚಿಕ್ಕಮ್ಮಂದು ಮದುವೆಗೆ ಮುಂಚೆ ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ಇತ್ತು, ಕೆಂಪು ಫೋನಿನ ರಿಸೀವರ್ ಕಿವಿಗಿಟ್ಕೊಂಡು, ಹಿಂದೆ ಬರೆದ ಸರೋವರ, ಗಂಡಿನ ಕಡೆಯೋರಿಗೆ ಕಳ್ಸೋಕೆ ಅಂತ ತೆಗೆಸಿದ್ದು. ಅದನ್ನೇ ಮತ್ತೆ ಮಾಡಿದ್ವಿ, ಟೆರೇಸಲ್ಲಿ ಬಟ್ಟೆ ಒಣಗಿಸೋ ತಂತಿಗೆ ಜಮಖಾನ ಕ್ಲಿಪ್ ಹಾಕಿ. ಆಷಾಢದ ಗಾಳಿಗೆ ಎರಡು ಸಲ ಜಮಖಾನ ಚಿಕ್ಕಮ್ಮನ ತಲೆ ಮೇಲೇ ಬಿತ್ತು, ಕೆಳಗಡೆ ಅಂಚಿಗೆ ಇಟ್ಟಿಗೆ ಇಡೋದು ಮರೀಬೇಡಿ. ಈ ಸಲ ರಿಸೀವರ್ ಹಿಡ್ಕೊಂಡು ಅವ್ರು ಯಾರನ್ನೋ ಬೈತಿರೋ ಥರ ಮುಖ ಮಾಡಿದ್ರು, ಯಾರನ್ನ ಅಂತ ಚಿಕ್ಕಪ್ಪಂಗೆ ಗೊತ್ತಿರಬೇಕು.

ಟೈಮ್ ಇಲ್ಲ, ಮಕ್ಕಳು ಬಿಡಲ್ಲ ಅನ್ನೋರಿಗೆ ಅಮೆರಿಕದ ಫೋಟೋಗ್ರಾಫರ್ ಇಮೋಜನ್ ಕನಿಂಗ್‌ಹ್ಯಾಮ್ ಅವ್ರ ಕಥೆ. ಮೂರು ಗಂಡು ಮಕ್ಕಳು, ಅದ್ರಲ್ಲಿ ಇಬ್ರು ಅವಳಿ, ಹೊರಗೆ ಹೋಗೋಕಾಗದೆ ಮನೆ ಹಿತ್ತಲಲ್ಲೇ ಹೂವು, ಮಕ್ಕಳು ಅಂತ ತೆಗೀತಿದ್ರು. 90 ದಾಟಿದ ಮೇಲೆ ತಮ್ಮ ವಯಸ್ಸಿನೋರ ಪೋರ್ಟ್ರೇಟ್ ತೆಗೆಯೋ ಹೊಸ ಕೆಲಸ ಶುರು ಮಾಡಿದ್ರು. ನಮ್ಮಜ್ಜಿಗೆ ಇದನ್ನ ಹೇಳಿದ್ಕೆ ಕ್ಯಾಮೆರಾ ಇಸ್ಕೊಂಡು ನಂದೇ ಒಂದು ತೆಗೆದ್ರು, ಅರ್ಧ ತಲೆ ಕಟ್ಟಾಗಿದೆ, ಆದ್ರೂ ನಂಗೆ ಅದೇ ಇಷ್ಟ.

ತೆಗೆದಿದ್ದನ್ನ ಫೋನಲ್ಲೇ ಕೊಳೆಯೋಕೆ ಬಿಡದೆ ಪ್ರಿಂಟ್ ಹಾಕ್ಸಿ, ಹೆಸರು, ತಾರೀಖು, ಜಾಗ ಬರೆದಿಡಿ. ಲ್ಯಾಂಗ್ ಅವತ್ತು ಆ ತಾಯಿ ಹೆಸರು ಕೇಳಿರ್ಲಿಲ್ಲ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜನಕ್ಕೆ ಗೊತ್ತಾಗಿದ್ದು 1978ರಲ್ಲಿ, ಆ ಫೋಟೋದಿಂದ ತನಗೆ ಒಂದು ಕಾಸೂ ಬರ್ಲಿಲ್ಲ ಅನ್ನೋ ಬೇಜಾರು ಆಕೆಗಿತ್ತು. ಕ್ಯಾಮೆರಾ ಹಿಡಿದೋರ ಗತಿನೂ ಅಷ್ಟೇ, ನಮ್ಮ ದೇಶದ ಪತ್ರಿಕಾ ಫೋಟೋಗ್ರಾಫರ್ ಹೋಮಾಯ್ ವ್ಯಾರವಾಲಾ ಅವ್ರ ಮೊದಮೊದಲ ಫೋಟೋಗಳು ಅಚ್ಚಾಗಿದ್ದು ಗಂಡನ ಹೆಸರಲ್ಲಿ. ಪ್ರಿಂಟ್ ಹಿಂದೆ ಬಾಲ್‌ಪೆನ್ನಲ್ಲಿ ಒತ್ತಿ ಬರೀಬೇಡಿ, ಮುಂದಕ್ಕೆ ಗೀಟು ಎದ್ದು ಕಾಣತ್ತೆ, ಜೆಲ್ ಪೆನ್ ಇಂಕು ಇನ್ನೊಂದು ಫೋಟೋಗೆ ಮೆತ್ಕೊಳತ್ತೆ. ಒಂದು ಕವರ್ ತಗೊಂಡು ಅದ್ರ ಮೇಲೆ ಪೆನ್ಸಿಲಲ್ಲಿ ಬರೆದು, ಆಮೇಲೆ ಫೋಟೋ ಒಳಗಿಡಿ.

ಹೊಲಿಗೆ ಮಿಷನ್ ಫೋಟೋ ಕವರ್ ಮೇಲೆ ಬರೆಯೋಕೆ ಕೂತಾಗ ಅಜ್ಜಿ ಕೇಳಿದ್ರು, "ಯಾವ ಹೆಸರು ಬರೀತೀಯ, ಮದುವೇಲಿ ಇಟ್ಟಿದ್ದೋ, ತವರಿಂದೋ?" ಅವ್ರಿಗೆ ಇನ್ನೊಂದು ಹೆಸರಿತ್ತು ಅಂತ ನಮ್ಮಮ್ಮಂಗೂ ಗೊತ್ತಿರ್ಲಿಲ್ಲ. ತವರಿಂದು ಮೊದಲು ಬರೆಸಿದ್ರು, ಕಾಗುಣಿತ ತಪ್ಪಾಗಿದೆ ಅಂತ ಅಳಿಸಿ ಇನ್ನೊಂದ್ ಸಲ ಬರೆಸಿದ್ರು.